ಆಘಾತ ಅನುಭವಿಸಿದ ಹದಿಹರೆಯದ ವಿದ್ಯಾರ್ಥಿಗೆ ಶಾಲೆಯಲ್ಲಿ ಆಸರೆ: ಶಿಕ್ಷಕರು ಹಂತ ಹಂತವಾಗಿ ಏನು ಮಾಡಬೇಕು?

ಅಪಘಾತ, ಮನೆಯಲ್ಲಿ ಅನಿರೀಕ್ಷಿತ ಸಾವು, ಹಲ್ಲೆ, ಲೈಂಗಿಕ ದೌರ್ಜನ್ಯ, ಪ್ರವಾಹ ಅಥವಾ ಭೂಕಂಪ, ಯುದ್ಧದಿಂದ ನೆಲೆ ತಪ್ಪಿದ್ದು, ತಿಂಗಳುಗಟ್ಟಲೆ ನಡೆದ ಸಹಪಾಠಿಗಳ ಹಿಂಸೆ. ಇಂಥದ್ದೊಂದನ್ನು ಹಾದುಬಂದ ವಿದ್ಯಾರ್ಥಿ ತಮ್ಮ ತರಗತಿಯಲ್ಲಿದ್ದಾಗ ಶಿಕ್ಷಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ನಡೆದದ್ದರ ಬಗ್ಗೆ ನಾನಾಗಿ ಮಾತೆತ್ತಬೇಕೇ, ಸುಮ್ಮನಿರಬೇಕೇ? ಏನೋ ಮಾಡಹೋಗಿ ಇನ್ನಷ್ಟು ಕೆಡಿಸಿಬಿಟ್ಟರೆ?’ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರವನ್ನು ಒಂದೇ ಕಡೆ, ಕ್ರಮವಾಗಿ ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲೇ ಹೇಳಿಬಿಡುತ್ತೇನೆ. ನಡೆದದ್ದನ್ನು ವಿದ್ಯಾರ್ಥಿಯ ಬಾಯಿಂದ ಹೇಳಿಸುವುದು ಶಿಕ್ಷಕರ ಕೆಲಸವಲ್ಲ. ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುವ ದಿನಚರಿ, ನಂಬಿ ಹೋಗಬಹುದಾದ ಒಬ್ಬ ಹಿರಿಯರು, ತನಗೆ ಸಂಬಂಧಿಸಿದ ಸಣ್ಣಪುಟ್ಟ ನಿರ್ಧಾರಗಳಲ್ಲಾದರೂ ತನ್ನ ಮಾತು ನಡೆಯುತ್ತದೆ ಎಂಬ ಅನುಭವ, ಇವು ಶಾಲೆ ಕೊಡಬಲ್ಲ ದೊಡ್ಡ ನೆರವು. ಘಟನೆಯ ಒಂದು ವಿವರವೂ ಗೊತ್ತಿಲ್ಲದೆ ಇವನ್ನು ಕೊಡಲು ಸಾಧ್ಯವಿದೆ. ಆದರೆ ಒಳ್ಳೆಯ ಮನಸ್ಸೊಂದೇ ಸಾಲದು, ಸಿದ್ಧತೆಯೂ ಬೇಕು.

ಆಘಾತ ಎಂದು ಯಾವುದಕ್ಕೆ ಹೇಳುತ್ತೇವೆ

ಜೀವಕ್ಕೆ ಅಥವಾ ದೇಹಕ್ಕೆ ಗಂಭೀರ ಅಪಾಯ ತಂದ ಘಟನೆಯನ್ನು ಸ್ವತಃ ಅನುಭವಿಸಿದಾಗ ಅಥವಾ ಕಣ್ಣಾರೆ ಕಂಡಾಗ, ತಾಳಿಕೊಳ್ಳುವ ಶಕ್ತಿಯನ್ನೇ ಮೀರಿ ಮನಸ್ಸಿಗೂ ದೇಹಕ್ಕೂ ಬೀಳುವ ಪೆಟ್ಟನ್ನು ಆಘಾತ ಅಥವಾ ಟ್ರಾಮಾ ಎನ್ನುತ್ತಾರೆ. ಒಮ್ಮೆ ನಡೆದು ಮುಗಿದ ಅಪಘಾತಕ್ಕೂ, ನಂಬಿದವರಿಂದಲೇ ವರ್ಷಗಟ್ಟಲೆ ನಡೆದ ಹಿಂಸೆಗೂ ವ್ಯತ್ಯಾಸವಿದೆ. ಎರಡನೆಯದು ಮನುಷ್ಯರ ಮೇಲಿನ ನಂಬಿಕೆಯನ್ನೇ ಅಲುಗಾಡಿಸುವುದರಿಂದ ಅಲ್ಲಿ ಚೇತರಿಕೆಗೆ ಹೆಚ್ಚು ಕಾಲ ಹಿಡಿಯುತ್ತದೆ, ಶಿಕ್ಷಕರ ಮೇಲೆ ವಿಶ್ವಾಸ ಮೂಡುವುದಕ್ಕೂ ಹೆಚ್ಚು ಸಮಯ ಬೇಕಾಗುತ್ತದೆ.

ಆಘಾತಕ್ಕೆ ಒಳಗಾದವರೆಲ್ಲ ಕಾಯಿಲೆ ಬೀಳುವುದಿಲ್ಲ. ಆಘಾತಕ್ಕೊಳಗಾದ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಸುಮಾರು ಶೇ. 16ರಷ್ಟು ಮಂದಿಯಲ್ಲಿ ಕಂಡುಬಂದಿತ್ತು. ಮನುಷ್ಯರೇ ಎಸಗಿದ ಹಿಂಸೆಗೆ ಗುರಿಯಾದ ಹುಡುಗಿಯರಲ್ಲಿ ಈ ಪ್ರಮಾಣ ಶೇ. 33ರ ಆಸುಪಾಸಿನಲ್ಲಿತ್ತು. ಈ ಅಂಕಿಗಳಿಂದ ಶಾಲೆ ಎರಡು ವಿಷಯಗಳನ್ನು ತಿಳಿದುಕೊಳ್ಳಬೇಕು. ಹೆಚ್ಚಿನವರು ಸುರಕ್ಷತೆ, ಆಸರೆ ಮತ್ತು ಸಮಯ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ, ಹಾಗಾಗಿ ಎಲ್ಲರನ್ನೂ ರೋಗಿಗಳಂತೆ ನೋಡುವುದು ತಪ್ಪು. ಉಳಿದವರಿಗೆ ಶಿಕ್ಷಕರ ಪ್ರೀತಿಯೊಂದರಿಂದಲೇ ಗುಣವಾಗುವುದಿಲ್ಲ, ಹಾಗಾಗಿ ಅವರನ್ನು ಗುರುತಿಸಿ ತಜ್ಞರ ಬಳಿಗೆ ತಲುಪಿಸದಿರುವುದೂ ಅಷ್ಟೇ ದೊಡ್ಡ ತಪ್ಪು.

ತರಗತಿಯಲ್ಲಿ ಅದು ಹೇಗೆ ಕಾಣುತ್ತದೆ

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ ಪಿಟಿಎಸ್‌ಡಿಯ ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತದೆ. ಘಟನೆ ಬೇಡವೆಂದರೂ ಮನಸ್ಸಿಗೆ ನುಗ್ಗುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು, ತನ್ನ ಬಗೆಗೂ ಲೋಕದ ಬಗೆಗೂ ಯೋಚನೆ ಕರಾಳವಾಗುವುದು, ಸದಾ ಎಚ್ಚರದಲ್ಲಿದ್ದು ಸಣ್ಣದಕ್ಕೂ ಬೆಚ್ಚುವುದು. ಈ ಲಕ್ಷಣಗಳು ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿದು ದೈನಂದಿನ ಬದುಕಿಗೆ ಅಡ್ಡಿಯಾದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಹಾಗೆ ನಿರ್ಣಯಿಸುವುದು ವೈದ್ಯರ ಕೆಲಸ, ಶಿಕ್ಷಕರದ್ದಲ್ಲ.

ಶಾಲೆಯಲ್ಲಿ ಇವೇ ಲಕ್ಷಣಗಳು ಬೇರೆ ಹೆಸರು ಪಡೆಯುತ್ತವೆ. ಪಾಠದ ನಡುವೆ ನೆನಪು ನುಗ್ಗಿ ಬಂದಾಗ ಅದು ‘ಗಮನವಿಲ್ಲ’ ಎನಿಸಿಕೊಳ್ಳುತ್ತದೆ. ಘಟನೆ ನಡೆದ ದಾರಿಯಲ್ಲಿ ಬರಲಾರದೆ ತಡವಾಗಿ ಬಂದರೆ ‘ಅಶಿಸ್ತು’, ರಾತ್ರಿ ನಿದ್ದೆಯಿಲ್ಲದೆ ಬೆಳಿಗ್ಗೆ ಡೆಸ್ಕಿನ ಮೇಲೆ ತಲೆಯಿಟ್ಟರೆ ‘ಸೋಮಾರಿತನ’, ಹಿಂದಿನಿಂದ ಯಾರೋ ಭುಜ ಮುಟ್ಟಿದ್ದಕ್ಕೆ ತಿರುಗಿ ತಳ್ಳಿದರೆ ‘ಸೊಕ್ಕು’. ಪದೇ ಪದೇ ಬರುವ ತಲೆನೋವು, ಹೊಟ್ಟೆನೋವುಗಳನ್ನೂ ನೆಪವೆಂದು ತಳ್ಳಿಹಾಕುವುದುಂಟು. ಗಲಾಟೆ ಮಾಡುವವರಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳದೆ ಉಳಿಯುವವರು ಸದ್ದಿಲ್ಲದೆ ಹಿಂದೆ ಸರಿದವರು. ಅಂಕಗಳು ನಿಧಾನವಾಗಿ ಇಳಿಯುತ್ತವೆ, ಗೆಳೆಯರ ಗುಂಪು ಕರಗುತ್ತದೆ, ಯಾರಿಗೂ ತೊಂದರೆ ಕೊಡದ ವಿದ್ಯಾರ್ಥಿಯ ಬಗ್ಗೆ ಯಾರೂ ದೂರುವುದಿಲ್ಲ. ಶಿಕ್ಷಕರು ತಮ್ಮ ಹಾಜರಿ ಪುಸ್ತಕವನ್ನು ಈ ಕಣ್ಣಿನಿಂದಲೂ ಒಮ್ಮೆ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇದಕ್ಕೆ ದೈಹಿಕ ಕಾರಣವೂ ಇದೆ. ಅಪಾಯವನ್ನು ಗ್ರಹಿಸುವ ಅಮಿಗ್ಡಲಾ ಎಂಬ ಮೆದುಳಿನ ಭಾಗ ಆಘಾತದ ಬಳಿಕ ಅತಿ ಚುರುಕಾಗಿರುತ್ತದೆ. ಆವೇಗಕ್ಕೆ ಕಡಿವಾಣ ಹಾಕುವ, ಯೋಚಿಸಿ ನಿರ್ಧರಿಸುವ ಮುಂಭಾಗದ ಮೆದುಳು ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿನಲ್ಲಿ. ಆದ್ದರಿಂದ ಹದಿನಾಲ್ಕರ ಹುಡುಗನೊಬ್ಬ ಬೆಚ್ಚಿ ಕೂಗಾಡಿದ ಕ್ಷಣದಲ್ಲಿ ಅವನಿಗೆ ತರ್ಕ ಹೇಳಿ ಪ್ರಯೋಜನವಿಲ್ಲ. ಮೊದಲು ದೇಹ ಶಾಂತವಾಗಬೇಕು, ಮಾತು ಆಮೇಲೆ.

ಕೆಲಸ ಶುರುಮಾಡುವ ಮುನ್ನ ಬೇಕಾದವು

ಎಲ್ಲಕ್ಕಿಂತ ಮೊದಲು ಇಡೀ ಶಾಲೆಯ ಪರವಾಗಿ ಇದರ ಹೊಣೆ ಹೊರುವ ಒಬ್ಬರು ಬೇಕು. ಆಪ್ತ ಸಮಾಲೋಚಕರಿದ್ದರೆ ಅವರು, ಇಲ್ಲದಿದ್ದರೆ ಮಕ್ಕಳು ಸಹಜವಾಗಿ ಹತ್ತಿರ ಹೋಗುವ, ತರಬೇತಿಗೆ ಸಿದ್ಧರಿರುವ ಶಿಕ್ಷಕರು. ಅವರ ಬೋಧನಾ ಅವಧಿಗಳಲ್ಲಿ ಒಂದಿಷ್ಟನ್ನು ಮುಖ್ಯ ಶಿಕ್ಷಕರು ಲಿಖಿತವಾಗಿ ಬಿಡುಗಡೆ ಮಾಡಬೇಕು. ‘ಬಿಡುವಾದಾಗ ನೋಡಿಕೊಳ್ಳಿ’ ಎಂದು ವಹಿಸಿದ ಕೆಲಸ ನಡೆಯುವುದಿಲ್ಲ.

ಶಾಂತವಾದ, ಒಳಗಿನಿಂದ ಚಿಲಕ ಹಾಕಲಾಗದ, ಹೊರಗಿನವರಿಗೆ ಮಾತು ಕೇಳಿಸದಿದ್ದರೂ ಒಳಗಿರುವವರು ಕಾಣುವಂಥ ಒಂದು ಕೋಣೆ ಬೇಕು. ಹತ್ತಿರದ ಮನೋವೈದ್ಯರು, ಮಕ್ಕಳ ಮನಶ್ಶಾಸ್ತ್ರಜ್ಞರು, ಮಕ್ಕಳ ರಕ್ಷಣಾ ಅಧಿಕಾರಿಗಳು, ತುರ್ತು ಸಹಾಯವಾಣಿ, ಇವರೆಲ್ಲರ ದೂರವಾಣಿ ಸಂಖ್ಯೆಗಳಿರುವ ಪಟ್ಟಿಯೊಂದು ಬೇಕು. ಅದರಲ್ಲಿನ ಪ್ರತಿ ಸಂಖ್ಯೆಗೂ ಕರೆ ಮಾಡಿ ನೋಡಿರಬೇಕು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಗೊತ್ತಾದಾಗ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕೆಂದು ನಿಮ್ಮಲ್ಲಿನ ಕಾನೂನು ಹೇಳುತ್ತದೆ ಎಂಬುದನ್ನು ಶಾಲೆಯ ಪ್ರತಿಯೊಬ್ಬ ಸಿಬ್ಬಂದಿಯೂ ಓದಿಕೊಂಡಿರಬೇಕು.

ಹಂತ 1: ಅಪಾಯ ಈಗಲೂ ಇದೆಯೇ ಎಂದು ನೋಡಿ

ಹೊಡೆತ ಬೀಳುತ್ತಿರುವ ಮನೆಗೇ ಸಂಜೆ ಹಿಂತಿರುಗುವ ವಿದ್ಯಾರ್ಥಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಏನೂ ಆಗುವುದಿಲ್ಲ. ಅಪಾಯ ನಿಲ್ಲದೆ ಚೇತರಿಕೆ ಶುರುವಾಗುವುದಿಲ್ಲ.

ವಿದ್ಯಾರ್ಥಿ ತಾನಾಗಿಯೇ ದೌರ್ಜನ್ಯದ ಬಗ್ಗೆ ಹೇಳಲು ತೊಡಗಿದರೆ ಅಡ್ಡ ಮಾತಾಡದೆ ಕೇಳಿಸಿಕೊಳ್ಳಿ. ‘ಯಾಕೆ ಆಗಲೇ ಹೇಳಲಿಲ್ಲ’, ‘ನೀನೇಕೆ ಅಲ್ಲಿಗೆ ಹೋದೆ’ ಎಂಬ ಪ್ರಶ್ನೆಗಳು ಆರೋಪದಂತೆ ಕೇಳಿಸುತ್ತವೆ. ‘ಅವರು ನಿನಗೆ ಹೀಗೆ ಮಾಡಿದರಲ್ಲವೇ’ ಎಂದು ಉತ್ತರವನ್ನು ನೀವೇ ಬಾಯಿಗಿಡಬೇಡಿ, ಮುಂದೆ ತನಿಖೆಗೆ ಅದರಿಂದ ಧಕ್ಕೆಯಾಗಬಹುದು. ಸುರಕ್ಷತೆಗೆ ಬೇಕಾದಷ್ಟು ತಿಳಿದ ಮೇಲೆ ನಿಲ್ಲಿಸಿ. ಕೇಳಿದ ಮಾತುಗಳನ್ನು ಅದೇ ಪದಗಳಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಟ್ಟು ಅಂದೇ ಹೊಣೆ ಹೊತ್ತವರಿಗೆ ತಲುಪಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ಎರಡು ತಪ್ಪುಗಳಿವೆ. ಒಂದು, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಬಳಿಕ ಮುರಿಯುವುದು. ಬದಲಿಗೆ ಆರಂಭದಲ್ಲೇ ಹೀಗೆನ್ನಿ: ‘ನೀನು ಹೇಳಿದ್ದನ್ನು ಎಲ್ಲರ ಬಳಿ ಆಡುವುದಿಲ್ಲ. ಆದರೆ ನಿನಗೋ ಬೇರೆಯವರಿಗೋ ಅಪಾಯವಿದೆ ಅನ್ನಿಸಿದರೆ ನಿನ್ನನ್ನು ಕಾಪಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ. ಯಾರಿಗೆ ಹೇಳುತ್ತೇನೆ ಎನ್ನುವುದನ್ನು ಮೊದಲು ನಿನಗೆ ಹೇಳುತ್ತೇನೆ.’ ಇನ್ನೊಂದು, ಗಾಬರಿಯಲ್ಲಿ ಮೊದಲು ಮನೆಗೆ ಫೋನ್ ಮಾಡುವುದು. ಆರೋಪ ಮನೆಯವರ ಮೇಲೇ ಇದ್ದರೆ ಆ ಕರೆ ಮಗುವನ್ನು ನೇರವಾಗಿ ಅಪಾಯಕ್ಕೆ ದೂಡುತ್ತದೆ. ಅಂಥ ಸಂದರ್ಭದಲ್ಲಿ ಮಕ್ಕಳ ರಕ್ಷಣಾ ಅಧಿಕಾರಿಗಳ ಸಲಹೆ ಪಡೆದೇ ಮುಂದಿನ ಹೆಜ್ಜೆ ಇಡಬೇಕು.

ಆತ್ಮಹತ್ಯೆಯ ಯೋಚನೆ ಇರಬಹುದೆಂಬ ಅನುಮಾನ ಬಂದರೆ ನೇರವಾಗಿ, ಮೆಲುದನಿಯಲ್ಲಿ ಕೇಳಿ: ‘ಬದುಕುವುದೇ ಬೇಡ, ಸಾಯಬೇಕು ಅನ್ನಿಸುತ್ತಿದೆಯೇ?’ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಶಿಕ್ಷಕರಲ್ಲಿ ಆಳವಾಗಿದೆ. ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಕೇಳಿದ್ದರಿಂದ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಉತ್ತರ ‘ಹೌದು’ ಎಂದಾದರೆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡಬೇಡಿ, ಪಟ್ಟಿಯಲ್ಲಿರುವ ತುರ್ತು ನೆರವಿಗೆ ಆಗಲೇ ಕರೆ ಮಾಡಿ.

ಹಂತ 2: ಘಟನೆಯ ನಂತರದ ಮೊದಲ ದಿನಗಳು

ಈ ದಿನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಸೇರಿ 2011ರಲ್ಲಿ ‘ಮಾನಸಿಕ ಪ್ರಥಮ ಚಿಕಿತ್ಸೆ’ ಎಂಬ ಮಾರ್ಗದರ್ಶಿಯನ್ನು ಹೊರತಂದಿವೆ. ನೋಡು, ಕೇಳಿಸಿಕೊ, ಜೋಡಿಸು ಎಂಬ ಮೂರು ಕೆಲಸಗಳು ಅದರ ತಿರುಳು. ಯಾರಿಗೆ ತುರ್ತು ನೆರವು ಬೇಕೆಂದು ನೋಡುವುದು, ಹೇಳಬೇಕೆನ್ನಿಸಿದವರ ಮಾತನ್ನು ಒತ್ತಾಯಿಸದೆ ಕೇಳಿಸಿಕೊಳ್ಳುವುದು, ಊಟ, ವಸತಿ, ಕುಟುಂಬ, ವೈದ್ಯರು, ಮಾಹಿತಿ, ಯಾವುದರ ಅಗತ್ಯವಿದೆಯೋ ಅದರೊಂದಿಗೆ ಅವರನ್ನು ಜೋಡಿಸುವುದು. ಹೆಸರಿನಲ್ಲಿ ಚಿಕಿತ್ಸೆ ಎಂದಿದ್ದರೂ ಇದನ್ನು ಮಾಡಲು ತಜ್ಞರೇ ಆಗಬೇಕಿಲ್ಲ.

ಮಾಡಬಾರದ್ದು ಒಂದಿದೆ, ಅದನ್ನು ಒತ್ತಿ ಹೇಳಬೇಕು. ದುರಂತ ನಡೆದ ಮರುದಿನವೇ ಎಲ್ಲರನ್ನೂ ಸುತ್ತ ಕೂರಿಸಿ, ಒಬ್ಬೊಬ್ಬರೂ ಕಂಡದ್ದನ್ನೂ ಅನುಭವಿಸಿದ್ದನ್ನೂ ಹೇಳಿ ಮನಸ್ಸು ಹಗುರ ಮಾಡಿಕೊಳ್ಳಿ ಎನ್ನುವ ರೂಢಿ ಹಲವೆಡೆ ಇದೆ. ಇಂಥ ಒಂದೇ ಬಾರಿಯ ‘ಡಿಬ್ರೀಫಿಂಗ್’ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲವೆಂದು ಸಂಶೋಧನೆಗಳ ವಿಮರ್ಶೆ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬಳಸಬಾರದೆಂದು ಸಲಹೆ ಮಾಡಿದೆ. ಸಹಪಾಠಿಗಳಿಗೆ ಬೇಕಿರುವುದು ಸತ್ಯವಾದ, ಚಿಕ್ಕ ಮಾಹಿತಿ. ಏನಾಯಿತು ಎಂಬುದರಲ್ಲಿ ಕುಟುಂಬ ಒಪ್ಪಿದಷ್ಟು, ಶಾಲೆ ಏನು ಮಾಡುತ್ತಿದೆ, ಯಾರಿಗಾದರೂ ಕಷ್ಟವಾದರೆ ಯಾರ ಬಳಿ ಹೋಗಬೇಕು. ಇಷ್ಟನ್ನು ಎಲ್ಲ ತರಗತಿಗಳಲ್ಲೂ ಒಂದೇ ಹೊತ್ತಿಗೆ, ಒಂದೇ ಒಕ್ಕಣೆಯಲ್ಲಿ ಓದಿ ಹೇಳಿದರೆ ಗಾಳಿಸುದ್ದಿಗೆ ಎಡೆ ಕಡಿಮೆಯಾಗುತ್ತದೆ. ಘಟನೆಯ ಚಿತ್ರ, ವಿಡಿಯೊಗಳನ್ನು ಹಂಚಿಕೊಳ್ಳಬಾರದೆಂದೂ ಆಗಲೇ ಹೇಳಿ.

ಹಂತ 3: ಒಬ್ಬರನ್ನು ಗೊತ್ತುಮಾಡಿ, ಮೊದಲ ಮಾತುಕತೆ ನಡೆಸಿ

ವಿದ್ಯಾರ್ಥಿ ಶಾಲೆಗೆ ಮರಳಿದಾಗ ಕನಿಕರದಿಂದ ಐದಾರು ಮಂದಿ ಶಿಕ್ಷಕರು ಒಬ್ಬರಾದ ಮೇಲೊಬ್ಬರು ಕರೆದು ವಿಚಾರಿಸುವುದುಂಟು. ಪ್ರತಿ ಬಾರಿಯೂ ಅದೇ ಕಥೆಯನ್ನು ಹೇಳಬೇಕಾಗಿ ಬರುವುದೇ ಹೊಸ ಹಿಂಸೆಯಾಗುತ್ತದೆ. ಆದ್ದರಿಂದ ಮಾತಾಡುವವರು ಒಬ್ಬರೇ ಇರಲಿ. ಆ ಒಬ್ಬರು ಯಾರು ಎಂಬುದನ್ನು ವಿದ್ಯಾರ್ಥಿಯೇ ಆರಿಸಲಿ. ಅದು ಆಟದ ಮಾಸ್ತರರೂ ಆಗಿರಬಹುದು, ಗ್ರಂಥಪಾಲಕಿಯೂ ಆಗಿರಬಹುದು.

ಮೊದಲ ಮಾತುಕತೆ ಹತ್ತು ಹದಿನೈದು ನಿಮಿಷಗಳದ್ದಾದರೆ ಸಾಕು. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಈ ವಯಸ್ಸಿನವರಿಗೆ ವಿಚಾರಣೆಯಂತೆ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ಅಥವಾ ಅಂಗಳದಲ್ಲಿ ಜತೆಗೆ ನಡೆಯುತ್ತಾ ಮಾತಾಡಿದರೆ ಸಲೀಸು. ಹೀಗೆ ಶುರುಮಾಡಬಹುದು: ‘ಈಚೆಗೆ ಮಧ್ಯಾಹ್ನದ ಮೇಲೆ ನೀನು ತಲೆ ತಗ್ಗಿಸಿ ಕೂರುವುದನ್ನು ನೋಡುತ್ತಿದ್ದೇನೆ. ಏನಾಯಿತು ಅಂತ ಹೇಳಲೇಬೇಕೆಂದೇನಿಲ್ಲ. ಶಾಲೆಯಲ್ಲಿ ನಿನಗೆ ಯಾವುದು ಕಷ್ಟವಾಗುತ್ತಿದೆ ಅನ್ನುವುದನ್ನಷ್ಟು ಹೇಳಿದರೆ ಅದನ್ನು ಸರಿಮಾಡಲು ನೋಡೋಣ.’ ‘ಏನಿಲ್ಲ ಮೇಡಂ, ಸರಿಯಾಗಿದ್ದೇನೆ’ ಎಂಬ ಉತ್ತರ ಬಂದರೆ ಒಪ್ಪಿಕೊಳ್ಳಿ. ‘ಆಗಲಿ. ಗುರುವಾರ ಮತ್ತೆ ಬಂದು ಮಾತಾಡಿಸುತ್ತೇನೆ’ ಎಂದು ಹೇಳಿ ಗುರುವಾರ ತಪ್ಪದೆ ಹೋಗಿ. ಆಡಿದ ಮಾತಿನಂತೆ ನಡೆದುಕೊಂಡ ಪ್ರತಿಯೊಂದು ಸಲವೂ ನಂಬಿಕೆ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ.

‘ನಿನ್ನ ನೋವು ನನಗೆ ಅರ್ಥವಾಗುತ್ತದೆ’, ‘ಆದದ್ದೆಲ್ಲ ಒಳ್ಳೆಯದಕ್ಕೇ’, ‘ನೀನು ಗಟ್ಟಿಗ, ಅಳಬಾರದು’, ‘ಮರೆತುಬಿಡು, ಓದಿನ ಕಡೆ ಗಮನ ಕೊಡು’ ಎಂಬ ಸಮಾಧಾನದ ಮಾತುಗಳು ಹೇಳುವವರ ಮನಸ್ಸನ್ನು ಹಗುರ ಮಾಡುತ್ತವೆಯೇ ಹೊರತು ಕೇಳುವವರದ್ದನ್ನಲ್ಲ. ಇವುಗಳ ಬದಲು ‘ನಡೆದದ್ದರಲ್ಲಿ ನಿನ್ನ ತಪ್ಪಿಲ್ಲ’ ಎಂಬ ಮಾತನ್ನು, ಅದು ನಿಜವಾಗಿ ಅನ್ವಯಿಸುವಲ್ಲಿ, ಸ್ಪಷ್ಟವಾಗಿ ಹೇಳಿ. ಆಘಾತಕ್ಕೊಳಗಾದ ಮಕ್ಕಳು ತಮ್ಮನ್ನೇ ದೂಷಿಸಿಕೊಳ್ಳುವುದು ಬಹಳ.

ಹಂತ 4: ಒಂದು ಪುಟದ ಆಸರೆ ಯೋಜನೆ ಬರೆಯಿರಿ

ಈ ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಕೆಲಸ ಮಾಡುವುದು ಈ ಒಂದು ಪುಟ ಎಂಬುದು ನನ್ನ ದೃಢ ಅಭಿಪ್ರಾಯ. ವಿದ್ಯಾರ್ಥಿ, ಅವರು ಆರಿಸಿದ ಶಿಕ್ಷಕರು, ಸಾಧ್ಯವಿದ್ದಲ್ಲಿ ಪೋಷಕರು, ಎಲ್ಲರೂ ಕೂತು ಇದನ್ನು ಬರೆಯಬೇಕು. ಘಟನೆಯ ವಿವರ ಇದರಲ್ಲಿ ಒಂದು ಸಾಲೂ ಇರಕೂಡದು.

ಮೊದಲು ಬರೆಯಬೇಕಾದ್ದು ಟ್ರಿಗರ್‌ಗಳನ್ನು. ಟ್ರಿಗರ್ ಎಂದರೆ ಆಘಾತದ ನೆನಪನ್ನು ಥಟ್ಟನೆ ಕೆರಳಿಸುವ ಸದ್ದು, ವಾಸನೆ, ಜಾಗ, ಮಾತು ಅಥವಾ ದಿನಾಂಕ. ಅಗ್ನಿ ಅನಾಹುತದಿಂದ ಪಾರಾದವಳಿಗೆ ಅಣಕು ಕವಾಯತಿನ ಗಂಟೆ ಟ್ರಿಗರ್ ಆಗಬಹುದು, ವಿಜ್ಞಾನದ ಪ್ರಯೋಗಾಲಯದ ಗ್ಯಾಸ್ ವಾಸನೆಯೂ ಆಗಬಹುದು. ಯಾವುದು ಎಂಬುದನ್ನು ಊಹಿಸಬೇಡಿ, ಅವಳನ್ನೇ ಕೇಳಿ. ಎಲ್ಲವನ್ನೂ ಅವಳ ದಾರಿಯಿಂದ ತೆಗೆದುಹಾಕುವುದು ಆಗದ ಮಾತು, ಹಾಗೆ ಮಾಡುತ್ತಾ ಹೋದರೆ ಅವಳ ಲೋಕವೂ ಕಿರಿದಾಗುತ್ತದೆ. ಆದರೆ ಮುನ್ಸೂಚನೆ ಕೊಡಬಹುದು. ‘ನಾಳೆ ಮೂರನೇ ಅವಧಿಯಲ್ಲಿ ಗಂಟೆ ಬಾರಿಸುತ್ತಾರೆ, ಅದು ಅಣಕು ಕವಾಯತು, ಆಗ ನೀನು ನನ್ನ ಜತೆ ನಿಲ್ಲಬಹುದು’ ಎಂದು ಹಿಂದಿನ ದಿನವೇ ಹೇಳಿದರೆ ಅದೇ ಗಂಟೆ ಅಷ್ಟು ಬೆಚ್ಚಿಬೀಳಿಸುವುದಿಲ್ಲ.

ಬಳಿಕ ಹೊರಹೋಗುವ ಸಂಕೇತ. ಎಲ್ಲರೆದುರು ಕೈಯೆತ್ತಿ ಕಾರಣ ಹೇಳಬೇಕಾದ ಮುಜುಗರ ತಪ್ಪಿಸಲು, ಡೆಸ್ಕಿನ ಅಂಚಿನಲ್ಲಿ ಒಂದು ಬಣ್ಣದ ಚೀಟಿ ಇಟ್ಟರೆ ಹೊರಗೆ ಹೋಗುತ್ತಿದ್ದೇನೆ ಎಂದರ್ಥ ಎಂದು ಒಪ್ಪಂದ ಮಾಡಿಕೊಳ್ಳಿ. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು, ಅಲ್ಲಿ ಯಾರಿರುತ್ತಾರೆ, ಹೇಗೆ ಮರಳಬೇಕು ಎಂಬುದೂ ಬರೆದಿರಲಿ. ‘ಎಲ್ಲರೂ ಇದನ್ನೇ ನೆಪ ಮಾಡಿಕೊಳ್ಳುತ್ತಾರೆ’ ಎಂದು ಆಕ್ಷೇಪಿಸುವವರಿರುತ್ತಾರೆ. ಚೀಟಿ ಬಳಸಿದ ದಿನ ಮತ್ತು ಅವಧಿಯನ್ನು ಬರೆದಿಟ್ಟರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದೇ ಅವಧಿಯಲ್ಲಿ ಮತ್ತೆ ಮತ್ತೆ ಬಳಕೆಯಾಗುತ್ತಿದ್ದರೆ ಆ ತರಗತಿಯಲ್ಲಿ ಏನೋ ಇದೆ ಎಂಬ ಸುಳಿವೂ ಸಿಗುತ್ತದೆ.

ಕೂರುವ ಜಾಗ ಸಣ್ಣ ವಿಷಯವೆನಿಸಿದರೂ ಮುಖ್ಯ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಇರುವ ಜಾಗವನ್ನು ಹಲವರು ಬಯಸುತ್ತಾರೆ, ಹಿಂದಿನಿಂದ ಯಾರೂ ಬರಲಾರರು ಎಂಬುದೇ ಅಲ್ಲಿನ ನೆಮ್ಮದಿ. ಓದಿನ ವಿಷಯದಲ್ಲಿ ಮನೆಗೆಲಸದ ಪ್ರಮಾಣ ಇಳಿಸಿ, ದೊಡ್ಡ ಪಾಠವನ್ನು ತುಂಡುಗಳಾಗಿ ಒಡೆಯಿರಿ, ಕಿರುಪರೀಕ್ಷೆಗೆ ಬೇರೆ ದಿನ ಕೊಡಿ, ಸೂಚನೆಗಳನ್ನು ಬಾಯಲ್ಲಿ ಹೇಳುವುದರ ಜತೆಗೆ ಬರೆದೂ ಕೊಡಿ. ಆಘಾತದ ಬಳಿಕ ಏಕಾಗ್ರತೆಯೂ ನೆನಪಿನ ಶಕ್ತಿಯೂ ಕುಗ್ಗಿರುತ್ತವೆ. ಆದರೆ ‘ಪಾಪ, ಅವನಿಗೇನೂ ಕೇಳಬೇಡಿ’ ಎಂದು ಎಲ್ಲ ನಿರೀಕ್ಷೆಯನ್ನೂ ಕೈಬಿಡಬೇಡಿ. ತನ್ನಿಂದ ಏನೂ ಆಗದು ಎಂದು ಶಿಕ್ಷಕರೇ ತೀರ್ಮಾನಿಸಿದ್ದಾರೆ ಎಂದು ಅವನು ಅದನ್ನು ಓದಿಕೊಳ್ಳುತ್ತಾನೆ.

ಈ ಪುಟವನ್ನು ಯಾರು ಯಾರು ನೋಡಬಹುದು ಎಂಬುದನ್ನು ವಿದ್ಯಾರ್ಥಿಯ ಒಪ್ಪಿಗೆ ಪಡೆದು ಕೊನೆಯಲ್ಲಿ ಬರೆಯಿರಿ. ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಅದು ಬಿದ್ದಿರಬಾರದು, ಶಿಕ್ಷಕರ ಮೊಬೈಲ್ ಗುಂಪಿನಲ್ಲಿ ಹರಿದಾಡಲೂ ಬಾರದು.

ಹಂತ 5: ತರಗತಿಯಲ್ಲೇ ಸಂಕಟ ಉಕ್ಕಿ ಬಂದಾಗ

ಬೆಂಚು ಮಗುಚಿದ ಸದ್ದಿಗೆ ಹುಡುಗನೊಬ್ಬ ಬೆಚ್ಚಿ, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಪೆನ್ನು ಹಿಡಿದುಕೊಂಡು, ಏದುಸಿರು ಬಿಡುತ್ತಾ, ಕರಿಹಲಗೆಯನ್ನೇ ದಿಟ್ಟಿಸುತ್ತಿದ್ದಾನೆ. ಹೆಸರು ಹಿಡಿದು ಕರೆದರೂ ಓಗೊಡುತ್ತಿಲ್ಲ ಎಂದಿಟ್ಟುಕೊಳ್ಳಿ.

ಉಳಿದವರಿಗೆ ಬರೆಯುವ ಕೆಲಸವೊಂದನ್ನು ಕೊಟ್ಟು ಅವರ ನೋಟವನ್ನು ಅವನಿಂದ ಸರಿಸಿ. ಅವನಿಗೆ ಕಾಣುವಂತೆ ಪಕ್ಕದಿಂದ ಹತ್ತಿರ ಹೋಗಿ, ಅವನ ತಲೆಯ ಮಟ್ಟಕ್ಕೆ ಬಾಗಿ. ಮುಟ್ಟಬೇಡಿ. ಬೆನ್ನು ತಟ್ಟುವುದು ನಮಗೆ ಸಹಜವಾದರೂ ಆ ಕ್ಷಣದಲ್ಲಿ ಅದು ದಾಳಿಯಂತೆ ಅನ್ನಿಸಬಹುದು. ತಗ್ಗಿದ ದನಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ ಹೇಳಿ: ‘ಬಿದ್ದದ್ದು ಬೆಂಚು. ನೀನು ಈಗ ತರಗತಿಯಲ್ಲಿದ್ದೀಯ. ನಾನು ಇಲ್ಲೇ ಇದ್ದೇನೆ.’ ನಂತರ ಗ್ರೌಂಡಿಂಗ್, ಅಂದರೆ ಮನಸ್ಸನ್ನು ನೆನಪಿನಿಂದ ಬಿಡಿಸಿ ಈ ಹೊತ್ತಿಗೆ, ಈ ಜಾಗಕ್ಕೆ ಮರಳಿ ತರುವ ಅಭ್ಯಾಸ. ಪಾದಗಳನ್ನು ನೆಲಕ್ಕೆ ಒತ್ತಲು ಹೇಳಿ. ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಎಂದು ಗುರುತಿಸಿಸುವ ಕ್ರಮ ಹೆಚ್ಚು ಬಳಕೆಯಲ್ಲಿದೆ. ಐದೂ ಆಗಬೇಕೆಂದಿಲ್ಲ, ಎರಡರಲ್ಲೇ ಅವನು ಮರಳಿದರೆ ಅಲ್ಲಿಗೆ ನಿಲ್ಲಿಸಿ. ಉಸಿರಾಟದಲ್ಲಿ ಒಳಗೆಳೆಯುವುದಕ್ಕಿಂತ ಹೊರಬಿಡುವುದು ಉದ್ದವಾಗಿರಲಿ, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಈ ಅಭ್ಯಾಸಗಳನ್ನು ಅವನು ಶಾಂತವಾಗಿದ್ದ ದಿನಗಳಲ್ಲೇ ಕಲಿಸಿರಬೇಕು.

ಕಣ್ಣು ಮುಚ್ಚಲು ಹೇಳಬೇಡಿ. ಕಣ್ಣು ಮುಚ್ಚಿದರೆ ಕೆಲವರಿಗೆ ಆ ಘಟನೆಯ ಚಿತ್ರವೇ ಎದುರಾಗುತ್ತದೆ. ಇಡೀ ಶಾಲೆಗೆ ಧ್ಯಾನದ ತರಗತಿ ಇಟ್ಟುಬಿಟ್ಟರೆ ಸಾಕೆಂದು ಭಾವಿಸುವ ಆಡಳಿತ ಮಂಡಳಿಗಳಿಗೂ ಒಂದು ಮಾತು ಹೇಳಬೇಕು: ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡು 2022ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ಎಲ್ಲರಿಗೂ ಒಂದೇ ರೀತಿ ಕಲಿಸಿದ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ, ಶಾಲೆಯ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ತೋರಲಿಲ್ಲ.

ಶಾಂತವಾದ ಮೇಲೆ ಹುಡುಗನಿಗೆ ಸಾಮಾನ್ಯವಾಗಿ ಆಯಾಸವೂ ನಾಚಿಕೆಯೂ ಆಗುತ್ತದೆ. ನೀರು ಕುಡಿಯಲು ಬಿಡಿ. ಏನಾಯಿತೆಂದು ಅಲ್ಲೇ ವಿಚಾರಿಸಬೇಡಿ.

ಹಂತ 6: ಶಿಸ್ತಿನ ಪ್ರಶ್ನೆ

ಆಘಾತ ಅನುಭವಿಸಿದವರಿಗೆ ನಿಯಮಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಶ್ಚಿತವಾದ ನಿಯಮಗಳು ಸುರಕ್ಷತೆಯ ಭಾವನೆ ಕೊಡುತ್ತವೆ. ಆದರೆ ಎಲ್ಲರೆದುರು ಗದರುವುದು, ಹೊಡೆಯುವುದು, ಕೋಣೆಯಲ್ಲಿ ಒಂಟಿಯಾಗಿ ಕೂರಿಸುವುದು, ಇವು ಯಾರಿಗೂ ಸಲ್ಲದ ಶಿಕ್ಷೆಗಳು. ಇಂಥ ವಿದ್ಯಾರ್ಥಿಗಂತೂ ಅವು ಹಳೆಯ ಅನುಭವವನ್ನೇ ಮರಳಿಸುತ್ತವೆ. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಅದನ್ನು ಸರಿಪಡಿಸುವ ಹೊಣೆ ಅವನದೇ. ಆ ಮಾತನ್ನು ಮಾತ್ರ ಅವನು ಶಾಂತನಾದ ಬಳಿಕ, ಖಾಸಗಿಯಾಗಿ, ಮುಂದಿನ ಸಲ ಏನು ಮಾಡಬಹುದಿತ್ತು ಎಂಬ ಚರ್ಚೆಯೊಂದಿಗೆ ಆಡಿ.

ಹಂತ 7: ಮನೆಯವರನ್ನು ಜತೆಗೆ ತನ್ನಿ

ಮನೆಯವರೂ ಅದೇ ಆಘಾತದಲ್ಲಿ ಬೆಂದಿರಬಹುದೆಂಬುದನ್ನು ಮರೆಯದೆ ಮಾತು ಶುರುಮಾಡಿ. ದೂರಿನ ಪಟ್ಟಿ ಮುಂದಿಡುವ ಬದಲು ನೀವು ನೋಡಿದ್ದನ್ನು ಹೇಳಿ, ಮನೆಯಲ್ಲಿ ನಿದ್ದೆ, ಊಟ ಹೇಗಿದೆಯೆಂದು ಕೇಳಿ. ‘ನಿಮ್ಮ ಮಗಳಿಗೆ ಮಾನಸಿಕ ಕಾಯಿಲೆ ಇರಬಹುದು’ ಎಂಬ ಮಾತು ಬಾಗಿಲು ಮುಚ್ಚಿಸುತ್ತದೆ. ‘ಇಷ್ಟೊಂದು ಭಯಾನಕವಾದದ್ದು ನಡೆದ ಮೇಲೆ ಹೀಗಾಗುವುದು ಸಹಜ, ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ ನೆರವು ಸಿಗುತ್ತದೆ, ದಾರಿ ನಾವು ತೋರಿಸುತ್ತೇವೆ’ ಎಂಬ ಮಾತು ಅದೇ ಬಾಗಿಲನ್ನು ತೆರೆದಿಡುತ್ತದೆ. ಎರಡೇ ಎರಡು ಸಲಹೆ ಕೊಡಿ: ಮಲಗುವ, ಏಳುವ ಸಮಯ ಬದಲಾಗದಿರಲಿ, ಘಟನೆಯ ಸುದ್ದಿ ಮತ್ತು ವಿಡಿಯೊಗಳಿಂದ ಮಗು ದೂರವಿರಲಿ.

ಹಂತ 8: ಇಷ್ಟೂ ಸಾಲದಿದ್ದಾಗ

ಒಂದು ತಿಂಗಳು ಕಳೆದರೂ ಲಕ್ಷಣಗಳು ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ತನ್ನನ್ನು ಗಾಯಪಡಿಸಿಕೊಳ್ಳುವುದು, ಮಾದಕ ವಸ್ತು ಬಳಸುವುದು, ಪೂರ್ತಿ ಊಟ ಬಿಡುವುದು ಕಂಡರೆ ತಜ್ಞರ ನೆರವು ಬೇಕೇ ಬೇಕು. ಗುರುತಿಸಲು ಪ್ರಶ್ನಾವಳಿಗಳಿವೆ. ಸಿಆರ್‌ಐಇಎಸ್-8 ಎಂಬುದು ಎಂಟು ವರ್ಷ ದಾಟಿದ ಮಕ್ಕಳಿಗೆ ಬಳಸುವ ಎಂಟು ಪ್ರಶ್ನೆಗಳ ಪಟ್ಟಿ. ಅದರಲ್ಲಿ 17 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ತಜ್ಞರಿಂದ ಕೂಲಂಕಷ ಪರೀಕ್ಷೆ ಆಗಬೇಕು ಎಂದರ್ಥ, ಕಾಯಿಲೆ ಇದೆ ಎಂದಲ್ಲ. ನೆರವು ಕೊಡುವ ಏರ್ಪಾಡಿಲ್ಲದೆ ಇಂಥ ಪ್ರಶ್ನಾವಳಿಯನ್ನು ತರಗತಿಗೆಲ್ಲ ಹಂಚಬೇಡಿ. ನೋವನ್ನು ಹೇಳಿಕೊಂಡ ಮೇಲೂ ಯಾರೂ ಬರಲಿಲ್ಲ ಎಂಬುದು ಮಕ್ಕಳಿಗೆ ಇನ್ನೊಂದು ಪೆಟ್ಟು.

ಶಾಲೆಯಲ್ಲೇ ನಡೆಸಬಹುದಾದ ಚಿಕಿತ್ಸಾ ಕ್ರಮಗಳೂ ಇವೆ. ಸಿಬಿಐಟಿಎಸ್ ಎಂಬುದು ತರಬೇತಿ ಪಡೆದ ಮಾನಸಿಕ ಆರೋಗ್ಯ ಕಾರ್ಯಕರ್ತರು ಹತ್ತು ಗುಂಪು ಭೇಟಿಗಳಲ್ಲಿ, ಜತೆಗೆ ಒಂದರಿಂದ ಮೂರು ವೈಯಕ್ತಿಕ ಭೇಟಿಗಳಲ್ಲಿ ನಡೆಸುವ ಕ್ರಮ. ಲಾಸ್ ಏಂಜಲೀಸ್‌ನಲ್ಲಿ ಹಿಂಸೆಯನ್ನು ಕಂಡಿದ್ದ ಆರನೇ ತರಗತಿಯ 126 ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ಪಡೆದವರ ಲಕ್ಷಣಗಳು ಮೂರು ತಿಂಗಳಲ್ಲಿ ಗಣನೀಯವಾಗಿ ಇಳಿದವು. ಶಿಕ್ಷಕರೇ ತರಬೇತಿ ಪಡೆದು ನಡೆಸಬಹುದಾದ ಎಸ್‌ಎಸ್‌ಇಟಿ ಎಂಬ ಹತ್ತು ಪಾಠಗಳ ರೂಪವೂ ಇದೆ. ಶಾಲೆಯಲ್ಲೇ ಇದು ಏಕೆ ಆಗಬೇಕೆಂದು ಕೇಳುವವರಿಗೆ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಹೋಲಿಕೆ ಉತ್ತರ ಕೊಡುತ್ತದೆ. ಶಾಲೆಯಲ್ಲಿ ಚಿಕಿತ್ಸೆ ಗೊತ್ತುಮಾಡಿದ ಮಕ್ಕಳಲ್ಲಿ ಶೇ. 98ರಷ್ಟು ಮಂದಿ ಅದನ್ನು ಆರಂಭಿಸಿದರು, ಚಿಕಿತ್ಸಾಲಯಕ್ಕೆ ಕಳಿಸಿದವರಲ್ಲಿ ಆರಂಭಿಸಿದವರು ಶೇ. 37 ಮಾತ್ರ. ಪೂರೈಸಿದವರಿಗೆ ಎರಡೂ ಕಡೆ ಗುಣ ಕಂಡಿತು. ಕೊರತೆಯಿದ್ದದ್ದು ಚಿಕಿತ್ಸೆಯಲ್ಲಲ್ಲ, ಅದನ್ನು ತಲುಪುವ ದಾರಿಯಲ್ಲಿ.

ಆದ್ದರಿಂದ ಹೊರಗೆ ಕಳಿಸಲೇಬೇಕಾದಾಗ ವಿಳಾಸದ ಚೀಟಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಭೇಟಿಯ ಸಮಯವನ್ನು ಶಾಲೆಯಿಂದಲೇ ಗೊತ್ತುಮಾಡಿ, ಮನೆಯವರಿಗೆ ಬೇಕೆನ್ನಿಸಿದರೆ ಮೊದಲ ಭೇಟಿಗೆ ಜತೆಗೆ ಹೋಗಿ, ಹೋದರೇ ಎಂದು ಮರುವಾರ ವಿಚಾರಿಸಿ.

ಹಂತ 9: ಕೇಳಿಸಿಕೊಳ್ಳುವವರ ಆರೈಕೆ

ಇತರರ ಆಘಾತವನ್ನು ದಿನವೂ ಕೇಳುವ ಶಿಕ್ಷಕರಿಗೂ ದುಃಸ್ವಪ್ನ, ಸಿಡುಕು, ಭಾವನೆಗಳೇ ಬತ್ತಿಹೋದಂಥ ಸ್ಥಿತಿ ಬರಬಹುದು. ಇದನ್ನು ದ್ವಿತೀಯಕ ಆಘಾತ ಎನ್ನುತ್ತಾರೆ. ಹೊಣೆ ಹೊತ್ತವರು ತಿಂಗಳಿಗೊಮ್ಮೆಯಾದರೂ, ಮಕ್ಕಳ ಹೆಸರು ಹೇಳದೆ, ತಜ್ಞರೊಬ್ಬರೊಂದಿಗೆ ಮಾತಾಡುವ ವ್ಯವಸ್ಥೆಯನ್ನು ಶಾಲೆ ಮಾಡಬೇಕು. ಒಬ್ಬ ಶಿಕ್ಷಕರ ಮೇಲೆ ಇಂಥ ವಿದ್ಯಾರ್ಥಿಗಳ ಹೊಣೆ ಬೆಳೆಯುತ್ತಾ ಹೋದರೆ ಹಂಚಿಕೊಳ್ಳಿ.

ಹಂತ 10: ಮರುಪರಿಶೀಲನೆ ಮತ್ತು ಹಸ್ತಾಂತರ

ಒಂದು ಪುಟದ ಯೋಜನೆಯನ್ನು ಆರು ವಾರಗಳಿಗೊಮ್ಮೆ ವಿದ್ಯಾರ್ಥಿಯೊಂದಿಗೆ ಕೂತು ಓದಿ. ಬೇಡವಾದದ್ದನ್ನು ಹೊಡೆದುಹಾಕಿ, ಹೊಸದನ್ನು ಸೇರಿಸಿ. ಘಟನೆ ನಡೆದ ದಿನಾಂಕ ಮರಳಿ ಬರುವ ವಾರವನ್ನು ಗುರುತು ಹಾಕಿಕೊಳ್ಳಿ, ಚೇತರಿಸಿಕೊಂಡವರಲ್ಲೂ ಆಗ ಲಕ್ಷಣಗಳು ಕೆಲ ದಿನ ತಲೆಯೆತ್ತಬಹುದು.

ವರ್ಷದ ಕೊನೆಯಲ್ಲಿ ಹೆಚ್ಚಿನ ಯೋಜನೆಗಳು ಕಪಾಟಿನಲ್ಲೇ ಉಳಿದುಬಿಡುತ್ತವೆ, ವಿದ್ಯಾರ್ಥಿ ಹೊಸ ತರಗತಿಯಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ರಜೆಗೆ ಮುನ್ನವೇ ಮುಂದಿನ ವರ್ಷದ ತರಗತಿ ಶಿಕ್ಷಕರನ್ನು ವಿದ್ಯಾರ್ಥಿಗೆ ಪರಿಚಯಿಸಿ, ಹೊಸ ಕೋಣೆಯನ್ನೂ ಕೂರುವ ಜಾಗವನ್ನೂ ತೋರಿಸಿ. ದೌರ್ಜನ್ಯದ ವರದಿ, ತಜ್ಞರ ಟಿಪ್ಪಣಿ ಮೊದಲಾದವು ಹೊಣೆ ಹೊತ್ತವರ ಬೀಗದ ಕಪಾಟಿನಲ್ಲೇ ಇರಲಿ. ಹೊಸ ಶಿಕ್ಷಕರ ಕೈಗೆ ಹೋಗಬೇಕಾದ್ದು ಆ ಒಂದು ಪುಟ ಮಾತ್ರ, ಅದರಲ್ಲಿ ಯಾವ ಸಾಲು ಹೋಗಬೇಕು, ಯಾವುದು ಬೇಡ ಎಂಬುದನ್ನು ವಿದ್ಯಾರ್ಥಿಯೇ ಗುರುತಿಸಿದ ಮೇಲೆ.